ಕೇಳುಗರ ದೋಷ

ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಅನ್ನಿಸಿಕೊಳ್ಳಬೇಕಾದರೆ ಗಂಟೆ ಮೊಳಗಬೇಕು. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ನಾನು ಈ ಊರು ಬಿಟ್ಟು ಎಲ್ಲಿಗೂ ಹೋದವನಲ್ಲ, ಇನ್ನು ಹೋಗುವುದಕ್ಕೆ ಮೊಣಕಾಲು ಒಪ್ಪುವುದಿಲ್ಲ. ಇಲ್ಲಿನ ಪದ್ಧತಿ ಹೀಗೆ. ಪ್ರಬಂಧ ಬರೆದವರು ದೊಡ್ಡ ಸಭಾಂಗಣದಲ್ಲಿ ನಿಂತು, ಇಷ್ಟು ವರ್ಷ ಓದಿ ತಾವು ಕಂಡುಕೊಂಡದ್ದೇನು ಎಂಬುದನ್ನು ಊರಿನ ಯಾರಾದರೂ ಒಬ್ಬರಿಗೆ ಹೇಳಬೇಕು. ಆ ಒಬ್ಬರು ಕುಂಬಾರರಿರಬಹುದು, ಬಸ್ಸಿನ ಕಂಡಕ್ಟರಿರಬಹುದು, ಹೂ ಮಾರುವವರಿರಬಹುದು. ಅವರು ಕೇಳುವ ಕುರ್ಚಿಯಲ್ಲಿ ಕೂತು ಕೇಳುತ್ತಾರೆ, ತಿಳಿಯದ್ದನ್ನು ಕೆದಕುತ್ತಾರೆ. ಅವರಿಗೆ ನಿಜವಾಗಿ ತಿಳಿದ ಗಳಿಗೆಗೆ ಹೊರಗಿನ ಗೋಪುರದ ಗಂಟೆ ತಾನಾಗಿ ಮೊಳಗುತ್ತದೆ. ಅದಕ್ಕೆ ಹಗ್ಗವಿಲ್ಲ, ಹೊಟ್ಟೆಯೊಳಗೆ ನಾಲಿಗೆಯೂ ಇಲ್ಲ. ದಾಕ್ಷಿಣ್ಯಕ್ಕೆ ತಲೆಯಾಡಿಸಿದರೆ ಅಲುಗುವುದಿಲ್ಲ. ಮೂರು ಸಲ ಅವಕಾಶ. ಮೂರೂ ಸಲ ಗಂಟೆ ಸುಮ್ಮನಿದ್ದರೆ ಪ್ರಬಂಧ ಕಟ್ಟಿಕೊಂಡು ಮನೆಗೆ ಹೋಗಬೇಕು.

ಆ ಕುರ್ಚಿಗೆ ಜನರನ್ನು ಕರೆತರುವವನು ನಾನು. ಹೆಸರು ಅಡಿವೆಪ್ಪ, ಹುದ್ದೆಯ ಹೆಸರು ಕರೆಯಾಳು. ಮೂವತ್ತೆರಡು ವರ್ಷದಿಂದ ಈ ಊರಿನ ಓಣಿ ಓಣಿ ಅಳೆದಿದ್ದೇನೆ. ಯಾವ ಮನೆಯ ಕದ ಕಿರುಗುಡುತ್ತದೆ, ಯಾವ ಮನೆಯ ನಾಯಿ ಬೊಗಳುವುದಷ್ಟೇ, ಯಾವುದು ಕಚ್ಚುತ್ತದೆ, ಎಲ್ಲ ಬಾಯಿಪಾಠ. ಇನ್ನೆರಡು ತಿಂಗಳಿಗೆ ನಿವೃತ್ತಿ. ಯಾರಾದರೂ "ನಿವೃತ್ತಿ ಆದಮ್ಯಾಲ ಏನ ಮಾಡ್ತಿ?" ಎಂದು ಕೇಳಿದರೆ "ಕೂಡ್ತೀನಿ" ಅನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ.

ಈ ಪದ್ಧತಿ ಆಕಾಶದಿಂದ ಉದುರಿದ್ದಲ್ಲ. ನೂರಾ ಹತ್ತು ವರ್ಷದ ಹಿಂದೆ ವಿಶ್ವವಿದ್ಯಾಲಯ ಕಟ್ಟಬೇಕೆಂದು ಬಂದವರ ಕೈಯಲ್ಲಿ ನಕ್ಷೆ ಬಿಟ್ಟರೆ ಏನೂ ಇರಲಿಲ್ಲವಂತೆ. ದನ ನಿಲ್ಲುವ ಬಯಲನ್ನು ಊರೇ ಬಿಟ್ಟುಕೊಟ್ಟಿತು. ಬಡಿಗೇರ ಓಣಿ ಬಾಗಿಲು ಕೊಟ್ಟಿತು, ಕಲ್ಲಿನವರು ಕಲ್ಲು ಕೊಟ್ಟರು, ಸುಣ್ಣಗಾರ ಓಣಿಯವರು ಮೂರು ವರ್ಷ ಭಟ್ಟಿ ಆರಿಸದೆ ಅಷ್ಟೂ ಗೋಡೆಗೆ ಸುಣ್ಣ ಸುಟ್ಟುಕೊಟ್ಟರು. ಮನೆಗೊಂದಾಳು ದುಡಿದರು. ಎಲ್ಲ ಮುಗಿದಮೇಲೆ ಹಿರಿಯರು ಒಂದೇ ಮಾತು ಕೇಳಿದರಂತೆ: ಒಳಗ ನೀವು ಕಲಿತದ್ದು ಹೊರಗ ನಮಗೂ ತಿಳೀಬೇಕು. ಅವತ್ತು ಕುರ್ಚಿ ಬಂತು, ಗಂಟೆ ಬಂತು.

ನಾನು ಸೇರಿದ ಹೊಸದರಲ್ಲಿ ಜನ ಕುರ್ಚಿಗೆ ಮುಗಿಬೀಳುತ್ತಿದ್ದರು. "ನಮ್ಮ ಓಣಿ ಕಣ್ಣಿಗೆ ಕಾಣೂದಿಲ್ಲೇನಲೇ?" ಎಂದು ನನ್ನನ್ನು ಅಡ್ಡಗಟ್ಟಿ ಬೈಯುತ್ತಿದ್ದರು. ಗಂಟೆ ಮೊಳಗಿಸಿದವರನ್ನು ಹಲಗೆ ಬಾರಿಸಿಕೊಂಡು ಮನೆಗೆ ಬಿಟ್ಟುಬರುತ್ತಿದ್ದೆವು. ಅವರು ತಮಗೆ ತಿಳಿದದ್ದನ್ನು ಓಣಿಗೆ ಹೇಳದೆ ಉಣ್ಣುತ್ತಿರಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಇಟ್ಟುಕೊಂಡು ನಿಂತ ಹೆಂಗಸರು ಹುತ್ತದೊಳಗೆ ಗಾಳಿ ಹೇಗೆ ಆಡುತ್ತದೆ ಅಂತ ವಾದಕ್ಕೆ ಬೀಳುತ್ತಿದ್ದರು. ಕ್ಷೌರದಂಗಡಿಯ ಫಕೀರಪ್ಪ ಗ್ರಹಣದ ಲೆಕ್ಕ ಹೇಳುತ್ತ ಹೇಳುತ್ತ ಗಿರಾಕಿಯ ಅರ್ಧ ಮೀಸೆ ತೆಗೆದದ್ದನ್ನು ನಾನೇ ನೋಡಿದ್ದೇನೆ. ಸಂತೆಯಲ್ಲಿ ವಿದ್ಯಾರ್ಥಿಗಳು ಬದನೆಕಾಯಿ ಮಾರುವವರ ಮುಂದೆ ಕೂತು ತಮ್ಮ ಪಾಠ ಒಪ್ಪಿಸಿ ರೂಢಿ ಮಾಡಿಕೊಳ್ಳುತ್ತಿದ್ದರು.

ಈಗ ನನ್ನ ನೆರಳು ಕಂಡರೆ ಕದ ಹಾಕುತ್ತಾರೆ. ಒಳಗಿನಿಂದ ಯಜಮಾನತಿಯೇ "ಮನ್ಯಾಗ ಯಾರೂ ಇಲ್ರೀ" ಅನ್ನುತ್ತಾಳೆ. ತಪ್ಪು ಅವರದಲ್ಲ. ಗಂಟೆ ಮೊಳಗದಿದ್ದರೆ ದಾಖಲೆ ಪುಸ್ತಕದಲ್ಲಿ ಕುರ್ಚಿಯಲ್ಲಿ ಕೂತವರ ಹೆಸರಿನ ಮುಂದೆ ಬರೆಯಲಿಕ್ಕೆ ಒಂದು ಕಾಲಮ್ಮಿದೆ: ಕೇಳುಗರ ದೋಷ. ಕುಲಪತಿಗಳು ಸಹಿ ಹಾಕಿದರೆ ಸಾಕು, ದಡ್ಡತನ ಕೇಳಿದವರದು, ಪದವಿ ಹೇಳಿದವರಿಗೆ. ಆ ಸಹಿ ಎಲ್ಲರಿಗೂ ಸಿಗುವ ಪ್ರಸಾದವಲ್ಲ, ದೊಡ್ಡವರು ಬೆನ್ನಿಗಿದ್ದವರಿಗೆ ಮಾತ್ರ. ಆದರೆ ಹೆಸರು ಬಿದ್ದ ಮನೆಗೆ ಬೀಳುವ ಕಲೆ ಇದೆಯಲ್ಲ, ಅದು ತೊಳೆದರೆ ಹೋಗುವುದಲ್ಲ. "ಗಂಟಿ ಬಡೀದ ಮನಿ" ಅನ್ನುತ್ತಾರೆ. ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಹೀಗಿರುವಾಗ ಯಾರು ಬಂದು ಕೂತಾರು?

ಚಂದ್ರಭಾಗಾ ಹುಲಮನಿಯವರ ಪ್ರಬಂಧ ಇದರ ಮೇಲೆಯೇ ಇತ್ತು: ವಿಶ್ವವಿದ್ಯಾಲಯ ಮತ್ತು ಊರಿನ ನೂರಾ ಹತ್ತು ವರ್ಷದ ನಂಟು. ಅವರು ಕಂಡಕ್ಟರ್ ಹುಲಮನಿಯ ಮಗಳು, ನಲವತ್ತರ ಹತ್ತಿರ ವಯಸ್ಸು. ಒಂಬತ್ತು ವರ್ಷದಿಂದ ಇತಿಹಾಸ ವಿಭಾಗದಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಈ ತಿಂಗಳ ಕೊನೆಯೊಳಗೆ ಪದವಿ ಕೈಗೆ ಬಂದರೆ ಕೆಲಸ ಕಾಯಂ, ಇಲ್ಲವಾದರೆ ಬೀದಿ. ಎರಡು ಸಲ ಗಂಟೆ ಮೊಳಗಿರಲಿಲ್ಲ. ಮೊದಲ ಸಲ ಗಿರಣಿಯ ಯಜಮಾನ ಕೂತಿದ್ದ, ಎರಡನೆಯ ಸಲ ನಿವೃತ್ತ ಪೋಸ್ಟ್‌ಮ್ಯಾನ್. ಇಬ್ಬರೂ ಕಿವಿಗೊಟ್ಟು ಕೇಳಿದರು. ಇಬ್ಬರೂ ಕಡೆಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಎಪ್ಪತ್ತೆಂಟ ವರ್ಷ ಶ್ಯಾಣ್ಯಾರಿದ್ದ ಮಂದಿ ಒಮ್ಮಿಂದೊಮ್ಮೆಲೆ ದಡ್ಡರ ಹೆಂಗ ಆದ್ರು?"

ಯಾಕೆಂದರೆ ಹಳೆಯ ದಾಖಲೆ ಪುಸ್ತಕಗಳಲ್ಲಿ ಆ ದೋಷದ ಕಾಲಮ್ಮು ಮೊದಲ ವರ್ಷದಿಂದಲೂ ಇದೆ. ಎಪ್ಪತ್ತೆಂಟು ವರ್ಷ ಖಾಲಿ. ಆಮೇಲೆ ಹೆಸರುಗಳು ಇರುವೆ ಸಾಲಿನಂತೆ ಹತ್ತಿಕೊಳ್ಳುತ್ತವೆ. ಪುಸ್ತಕ ನಂಬಿದ ಚಂದ್ರಭಾಗಾ "ಕಾಲಕ್ರಮೇಣ ಜನರಲ್ಲಿ ಜ್ಞಾನದ ಆಸಕ್ತಿ ಕುಗ್ಗಿತು" ಎಂದು ಬರೆದಿದ್ದರು. ಗಂಟೆ ಅದನ್ನು ನಂಬಲಿಲ್ಲ.

ಎರಡನೆಯ ಸಲ ಸೋತ ದಿನ ಅವರು ನನ್ನ ಸ್ಟೂಲಿನ ಪಕ್ಕ ಬಂದು ಮೆಟ್ಟಿಲ ಮೇಲೆ ಕೂತರು. "ಅಡಿವೆಪ್ಪಣ್ಣ, ನೀ ಅಷ್ಟೂ ವರ್ಷ ಇಲ್ಲೇ ಇದ್ದಾಂವ. ಮಂದಿ ಬರೂದು ಯಾವಾಗ ಬಿಟ್ರು? ಏನರೆ ಆತೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಕೈ ಕಿಸೆಯ ಪೆನ್ನಿನ ಮೇಲೆ ಹೋಯಿತು. "ಕಾಲ ಬದಲಾತ್ರಿ ಮೇಡಮ್ಮಾರ," ಅಂದೆ. ಅವರು "ಹೌದೇನೋ" ಅಂದು ಎದ್ದುಹೋದರು. ನನ್ನನ್ನು ನಂಬಿದರು, ಅದೇ ಸಂಕಟ.

ಮೂರನೆಯ ಸಲಕ್ಕೆ ಗುರುವಾರ ಹತ್ತು ಗಂಟೆ ಗೊತ್ತಾಯಿತು. ಕೇಳುವವರು ಸಿಗದಿದ್ದರೂ ಅವಕಾಶ ಕಳೆದಂತೆಯೇ ಲೆಕ್ಕ. ಬುಧವಾರ ಬೆಳಗಿನಿಂದ ನಾನು ಹದಿನೇಳು ಮನೆಯ ಬಾಗಿಲು ಬಡಿದೆ. ಬಳೆಗಾರ ಓಣಿಯಲ್ಲಿ ಒಬ್ಬಾಕೆ, "ಮಗಳಿಗೆ ಗಂಡ ನೋಡಾಕತ್ತೇವೋ ಯಪ್ಪಾ, ನಿನ್ನ ಕಾಲ ಹಿಡೀತೀನಿ, ಈ ಕಟ್ಟಿಮ್ಯಾಲ ನಿಂದ್ರಬ್ಯಾಡ" ಎಂದು ಕೈ ಮುಗಿದಳು. ನಾನು ನಿಂತದ್ದನ್ನು ಯಾರಾದರೂ ಕಂಡರೂ ಸಾಕು, ಸಂಬಂಧ ಮುರಿಯಬಹುದು ಎಂಬ ಭಯ ಆಕೆಗೆ. ಹೋಟೆಲಿನ ಮಾಲೀಕ ಚಹಾ ಕೊಟ್ಟ, ಕುರ್ಚಿಯ ಮಾತೆತ್ತಿದ ಕೂಡಲೇ ಕಪ್ಪು ಎತ್ತಿಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಎಡಮೊಣಕಾಲು ಊದಿಕೊಂಡಿತು. ಉಳಿದದ್ದು ಒಂದೇ ಓಣಿ. ಮೂವತ್ತೆರಡು ವರ್ಷದಿಂದ ನಾನು ಕಾಲಿಡದ ಓಣಿ, ಸುಣ್ಣಗಾರರದು. ಕುರ್ಚಿಗೆ ಯಾರೆಂದು ಚೀಟಿ ಎತ್ತುವಾಗ ಅಲ್ಲಿನವರ ಹೆಸರು ಬಂದಾಗಲೆಲ್ಲ ಮಡಚಿ ತಿರುಗಿ ಡಬ್ಬಿಗೆ ಹಾಕಿದವನು ನಾನು.

ಯಾಕೆಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಮುಚ್ಚಿಟ್ಟು ನನಗೂ ಸಾಕಾಗಿದೆ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಇಪ್ಪತ್ತಾರರ ಹುಡುಗ, ಅಕ್ಷರ ಮುತ್ತಿನಂಥವು. ಆಗಿನ ಕುಲಪತಿಗಳ ಅಳಿಯ ನಮ್ಮ ವಿಶ್ವವಿದ್ಯಾಲಯದ ಹಳೆಯ ಗೋಡೆಗಳ ಮೇಲೆ ಪ್ರಬಂಧ ಬರೆದಿದ್ದ. ಕುರ್ಚಿಗೆ ಚೀಟಿಯಲ್ಲಿ ಬಂದವಳು ಸುಣ್ಣಗಾರ ಓಣಿಯ ನೀಲವ್ವ. ನಾನೇ ಹೋಗಿ ಕರೆತಂದೆ. ಅಳಿಯ ಮಹಾಶಯ ಒಂದು ತಾಸು ಹೇಳಿದ: ಸುಣ್ಣವನ್ನು ಸುಟ್ಟ ದಿನವೇ ಬಿಸಿಬಿಸಿ ಕಲಸಿ ಬಳಿದದ್ದರಿಂದ ಈ ಗೋಡೆಗಳು ಇಷ್ಟು ಗಟ್ಟಿ. ನೀಲವ್ವ ಕೇಳಿ ಕೇಳಿ, "ಅವತ್ತ ಸುಟ್ಟದ್ದ ಅವತ್ತ ಬಳದ್ರ ಗ್ವಾಡಿ ತುಂಬ ಗುಳ್ಳಿ ಏಳತಾವಪ್ಪಾ. ಮೂರ ತಿಂಗಳರೆ ನೀರಾಗ ನೆನೀಬೇಕು. ನೀ ಹೇಳೂದು ನನಗ ತಿಳೀವಲ್ದು," ಅಂದಳು. ಆತ ಸಿಟ್ಟಿಗೆದ್ದು ಮತ್ತೆ ಅದನ್ನೇ ಹೇಳಿದ. ಆಕೆ ಮತ್ತೆ ತಿಳೀವಲ್ದು ಅಂದಳು. ಗಂಟೆ ಮಿಸುಕಲಿಲ್ಲ. ಮೂರನೆಯ ಅವಕಾಶ ಅದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕುಲಪತಿಗಳು ಸಂಜೆ ನನ್ನನ್ನು ಕೋಣೆಗೆ ಕರೆದು, ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆ, ಮೇಲೆ "ಕೇಳುಗರ ದೋಷ" ಅಂತ ಬರೆ, ಕೆಳಗೆ ಆ ಹೆಂಗಸಿನ ಹೆಸರು ಬರೆ ಅಂದರು. ಬರೆದೆ. ಒಂದೇ ಪುಸ್ತಕದಲ್ಲಿ ಹೊಸ ಕಾಲಮ್ಮು ಕಂಡರೆ ಯಾರಾದರೂ ಕೇಳಿಯಾರು ಎಂದು ಎಪ್ಪತ್ತೆಂಟು ವರ್ಷದ ಹಳೆಯ ಪುಸ್ತಕಗಳನ್ನೆಲ್ಲ ಹೊಸದಾಗಿ ನಕಲು ಮಾಡಿಸಿದರು, ಪ್ರತಿ ಪುಟದಲ್ಲೂ ಆ ಖಾಲಿ ಕಾಲಮ್ಮು ಸೇರಿಸಿ. ಅದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಹಳೆಯವು ನೀರೊಲೆಗೆ ಹೋದವು. ನನ್ನ ಕೆಲಸ ಕಾಯಂ ಆಯಿತು. ನೀಲವ್ವನ ಮಗಳು ಕಾಶವ್ವನಿಗೆ ಮಾತಾಗಿದ್ದ ಮದುವೆ ಆ ವಾರವೇ ಮುರಿಯಿತು.

ಆ ಕಾಶವ್ವ ಈಗ ಐವತ್ತೊಂದರ ಹೆಂಗಸು. ಬುಧವಾರ ಸಂಜೆ ನಾನು ಹೋದಾಗ ಕಟ್ಟೆಯ ಮೇಲೆ ಕೂತು ಎಲೆಸುಣ್ಣವನ್ನು ಸಣ್ಣ ಡಬ್ಬಿಗಳಿಗೆ ತುಂಬುತ್ತಿದ್ದಳು. ನೀಲವ್ವ ಸತ್ತು ನಾಲ್ಕು ವರ್ಷವಾಗಿತ್ತು.

"ನೀನೇನು!" ಅಂದಳು. "ಹಾದಿ ತಪ್ಪಿ ಬಂದ್ಯೋ ಹೆಂಗ?"

ನಾನು ಕಾರಣ ಹೇಳಿದೆ. ಹದಿನೇಳು ಮನೆ ತಿರುಗಿದ್ದನ್ನೂ ಹೇಳಿದೆ. ಆಕೆ ಬೆರಳಿಗೆ ಮೆತ್ತಿದ ಸುಣ್ಣವನ್ನು ಡಬ್ಬಿಯ ಅಂಚಿಗೆ ಒರೆಸಿದಳು.

"ಎಲ್ಲಾರ ಮನ್ಯಾಗೂ ಕಳಕೊಳ್ಳಾಕ ಏನರೆ ಐತಿ, ಅದಕ್ಕ ಕದಾ ಹಾಕ್ಕೋತಾರ. ನಂದೇನೈತಿ? ಗಂಡನ ಮನಿ ಇಲ್ಲ, ಮಕ್ಕಳಿಲ್ಲ. ಬರ್ತೀನಿ ತಗೋ. ಆ ಹೆಣ್ಮಗಳ ಗಂಟಿ ಬಡೀತದಂತ ಮಾತ್ರ ತಿಳಕೋಬ್ಯಾಡ. ದಡ್ಡಿ ಹೊಟ್ಟ್ಯಾಗ ಹುಟ್ಟಿದಾಕಿ ನಾನು."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ, "ಹತ್ತಕ್ಕ ಬಾ" ಅಂದೆ. ಎರಡೇ ತಿಂಗಳು ಉಳಿದಿದ್ದವು, ಪಿಂಚಣಿಯ ಕಾಗದ ಕುಲಸಚಿವರ ಮೇಜಿನ ಮೇಲಿತ್ತು. ಹೇಡಿಗೆ ನೆಪಕ್ಕೇನು ಬರ?

ಗುರುವಾರ ಕಾಶವ್ವ ಒಗೆದ ಸೀರೆ ಉಟ್ಟು ಹತ್ತಕ್ಕೆ ಮುಂಚೆಯೇ ಬಂದಳು. ಕುಲಸಚಿವರು ಪುಸ್ತಕ ತಂದು ಮೇಜಿನ ಮೇಲಿಟ್ಟುಕೊಂಡು ಕೂತರು. ನಾನು ಬಾಗಿಲ ಬಳಿ ನಿಂತೆ. ಕರೆಯಾಳು ಸಭಾಂಗಣದಲ್ಲಿ ಮಾತಾಡಬಾರದು ಎಂಬುದು ನಿಯಮ. ಚಂದ್ರಭಾಗಾ ಹೇಳತೊಡಗಿದರು. ಬಡಿಗೇರರ ಬಾಗಿಲು, ಕಲ್ಲಿನವರ ಕಲ್ಲು, ಮೂರು ವರ್ಷ ಆರದ ಭಟ್ಟಿ. ಕಾಶವ್ವ ಮುಂದಕ್ಕೆ ಬಾಗಿ ಕೇಳಿದಳು. "ನಮ್ಮ ಮುತ್ಯಾನೂ ಹಂಗ ಹೇಳ್ತಿದ್ದ," ಎಂದು ನಡುವೆ ಒಮ್ಮೆ ಅಂದಳು. ಕಥೆ ಜನ ಬರುವುದು ನಿಂತ ಕಾಲಕ್ಕೆ ಬಂತು. ಆಸಕ್ತಿ ಕುಗ್ಗಿತು ಎಂದು ಹೇಳುವಾಗ ಚಂದ್ರಭಾಗಾರ ದನಿಯೇ ಕುಗ್ಗಿತು.

"ತಡೀರಿ ಬಾಯಾರ," ಅಂದಳು ಕಾಶವ್ವ. "ಎಪ್ಪತ್ತೆಂಟ ವರ್ಷ ಒಬ್ರೂ ದಡ್ಡರಿರಲಿಲ್ಲ. ಆಮ್ಯಾಲ ಎಲ್ಲಾರಕಿಂತ ಮೊದಲ ನಮ್ಮವ್ವ ದಡ್ಡಿ ಆದ್ಲು. ಆಕೀ ಹಿಂದ ಊರಿಗೂರ ದಡ್ಡಾತು. ಇದೇನ ಬ್ಯಾನಿ ಬಂದಿತ್ತೇನ್ರೀ, ಒಬ್ರಿಂದ ಒಬ್ರಿಗೆ ಹತ್ತಾಕ?"

ಚಂದ್ರಭಾಗಾ ಕಾಗದ ತಿರುವಿದರು, ಮತ್ತೆ ತಿರುವಿದರು. "ನನಗೂ ಗೊತ್ತಿಲ್ರಿ," ಅಂದರು. ಇಷ್ಟು ವರ್ಷ ಓದಿದವರು ಹಾಗೆ ಅಂದದ್ದನ್ನು ಕೇಳಿ ನನಗೆ ಸುಮ್ಮನಿರಲಾಗಲಿಲ್ಲ. ಕುಲಸಚಿವರು ಪೆನ್ನಿನ ಮುಚ್ಚಳ ತೆಗೆದರು.

"ಬ್ಯಾನಿ ಅಲ್ಲ," ಅಂದೆ. "ನಾ ಬರದದ್ದು."

"ಅಡಿವೆಪ್ಪಾ, ನಿನ್ನ ಕೆಲಸ ಕರಕೊಂಡ ಬರೂದು, ಮಾತಾಡೂದಲ್ಲ. ಹೊರಗ ಹೋಗು," ಅಂದರು ಕುಲಸಚಿವರು.

ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಎಲ್ಲ ಹೇಳಿದೆ. ಗೆರೆ ಎಳೆದದ್ದು, ಹೆಸರು ಬರೆದದ್ದು, ಹಳೆಯ ಪುಸ್ತಕಗಳನ್ನು ನಕಲು ಮಾಡಿದ್ದು, ನೀರೊಲೆಗೆ ಹಾಕಿದ್ದು. ಅಳಿಯ ಹೇಳಿದ ಸುಣ್ಣದ ಮಾತು, ನೀಲವ್ವ ಹೇಳಿದ ಸುಣ್ಣದ ಮಾತು, ಎರಡನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಶವ್ವನ ಮುಖ ನೋಡುವ ಧೈರ್ಯವಾಗದೆ ನೆಲ ನೋಡಿಕೊಂಡೇ ಹೇಳಿದೆ. ಗಂಟೆ ಮೊಳಗಲಿಲ್ಲ.

ಆಗ ಚಂದ್ರಭಾಗಾ ಕೈಯಲ್ಲಿದ್ದ ಪ್ರಬಂಧವನ್ನು ಮೇಜಿನ ಮೇಲಿಟ್ಟರು. ಕುರ್ಚಿಯ ಮುಂದೆ ಬಂದು ನೆಲದ ಮೇಲೆ ಕೂತರು.

"ಕೇಳ್ರಿ ಕಾಶವ್ವ. ಊರು ದಡ್ಡ ಆಗಿರಲೇ ಇಲ್ಲ, ಅದನ್ನ ನಾ ತಪ್ಪ ಬರದಿದ್ದೆ. ಮೊದಲ ಈ ಕುರ್ಚ್ಯಾಗ ಕೂತವರು ನಮ್ಮ ಪರೀಕ್ಷಾ ಮಾಡ್ತಿದ್ರು. ತಿಳೀಲಿಲ್ಲ ಅಂದ್ರ ತಪ್ಪು ನಮ್ಮದಿತ್ತು. ನಿಮ್ಮ ತಾಯಿ ಖರೆ ಮಾತ ಆಡಿದ್ದಕ್ಕ ಆ ತಪ್ಪನ್ನ ಒಯ್ದು ಆಕೀ ಮ್ಯಾಲ ಹಾಕಿದ್ರು. ಒಮ್ಮೆ ದಕ್ಕಿದ ಮ್ಯಾಲ ದೊಡ್ಡವರೆಲ್ಲಾರೂ ಅದನ್ನ ಮಾಡಿದ್ರು. ಅಲ್ಲಿಂದ ಕುರ್ಚ್ಯಾಗ ಕೂತವರ ಪರೀಕ್ಷಾ ಆಗಾಕ ಹತ್ತಿತು. ಮಂದಿ ತಮ್ಮ ಮಕ್ಕಳನ್ನ ಉಳಿಸ್ಕೊಳ್ಳಾಕ ಕದಾ ಹಾಕ್ಕೊಂಡ್ರು. ನಿಮ್ಮವ್ವಗ ತಿಳೀಲಿಲ್ಲಂತ ಅಲ್ರಿ, ಆಕಿಗೆ ಭಾಳ ಚೊಲೊ ತಿಳದಿತ್ತಂತ ಗಂಟಿ ಬಡೀಲಿಲ್ಲ."

ಗಂಟೆ ಮೊಳಗಿತು. ಸಭಾಂಗಣದ ಗಾಜುಗಳು ನಡುಗಿದವು. ಎಷ್ಟೋ ವರ್ಷವಾಗಿತ್ತು ಅದು ಅಷ್ಟು ಜೋರಾಗಿ ಹೊಡೆದುಕೊಂಡು. ಗೋಪುರದ ಪಾರಿವಾಳಗಳು ಒಂದೇ ಸಲ ಎದ್ದವು. ವರಾಂಡದಿಂದ ಜನ ಓಡಿಬಂದರು. ಯಾರೋ ಚಂದ್ರಭಾಗಾರ ಕೈ ಹಿಡಿದು ಕುಲುಕಿದರು, ಯಾರೋ "ಡಾಕ್ಟರ್ ಹುಲಮನಿ!" ಎಂದು ಕೂಗಿದರು. ಚಂದ್ರಭಾಗಾ ನೆಲದಿಂದ ಏಳಲಿಲ್ಲ. ಅವರು ಕಾಶವ್ವನನ್ನೇ ನೋಡುತ್ತಿದ್ದರು.

ಕಾಶವ್ವ ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡಿದ್ದಳು. ಗಂಟೆಯ ಸದ್ದು ಇಳಿಯುವವರೆಗೆ ಕಾದು ಹೇಳಿದಳು. "ಅವತ್ತ ನಮ್ಮವ್ವ ಮನಿಗೆ ಬಂದು ನನಗೊಬ್ಬಾಕಿಗೆ ಹೇಳಿದ್ಲು, ಆ ಹುಡುಗ ಹೇಳಿದ್ದ ತಪ್ಪೈತಿ ಕಾಶಿ ಅಂತ. ನಾ ನಂಬಲಿಲ್ಲ. ನಿನ್ನ ದಡ್ಡತನಕ್ಕ ನನ್ನ ಬಾಳೇವು ಹೋತು ಅಂದೆ. ಇಪ್ಪತ್ತೆಂಟ ವರ್ಷ ಅಂದೆ. ಉಣ್ಣಾಕ ನೀಡೂಮುಂದ ಅಂದೆ, ಔಷಧ ಕೊಡೂಮುಂದ ಅಂದೆ. ಕಡೀಕಡೀಗೆ ಆಕಿ ಮಾತಾಡೂದ ಬಿಟ್ಟಿದ್ಲು. ಸಾಯೂಮುಂದ ನನಗ ಏನೋ ಹೇಳಾಕ ಬಂದ್ಲು. ಸುಮ್ಮನಿರು ದಡ್ಡೀ ಅಂದೆ."

ನನಗೆ ಅಳು ಬಂತು, ಮುಚ್ಚಿಕೊಳ್ಳಲಿಲ್ಲ. ಕ್ಷಮೆ ಕೇಳಬೇಕೆಂದು ಹತ್ತಿರ ಹೋದೆ. ಆಕೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಆ ಪುಸ್ತಕ ತಾ. ಬರದದ್ದು ಎಲ್ಲೈತಿ, ಓದು."

ಕುಲಸಚಿವರು ಪುಸ್ತಕದ ಮೇಲೆ ಕೈಯಿಟ್ಟರು. ಚಂದ್ರಭಾಗಾ ಎದ್ದುಹೋಗಿ ಅವರ ಮುಂದೆ ನಿಂತರು, ಕೈ ಸರಿಯಿತು. ಆದರೆ ಅದು ಈ ವರ್ಷದ ಪುಸ್ತಕ. ಮೂವತ್ತೆರಡು ವರ್ಷ ಹಿಂದಿನದು ಗೋಡೆಯ ಕಪಾಟಿನಲ್ಲಿತ್ತು. ನಾನು ಕುಂಟುತ್ತ ಹೋಗಿ ತಂದೆ, ಪುಟ ಹುಡುಕಬೇಕಾಗಲಿಲ್ಲ. "ನೀಲವ್ವ, ಸುಣ್ಣಗಾರ ಓಣಿ. ಕೇಳುಗರ ದೋಷ," ಎಂದು ಓದಿದೆ.

"ಜೋರಾಗಿ ಓದು. ಮತ್ತ ಈ ಸಲ ಬರದದ್ದ ಓದಬ್ಯಾಡ, ಆದದ್ದ ಓದು."

ಬಾಗಿಲ ತುಂಬ ಜನ ನಿಂತಿದ್ದರು. ಪುಟದ ಮೇಲೆ ನನ್ನ ಮುತ್ತಿನಂಥ ಅಕ್ಷರಗಳಿದ್ದವು, ಅವನ್ನು ನೋಡದೆ ಓದಿದೆ.

"ನೀಲವ್ವ, ಸುಣ್ಣಗಾರ ಓಣಿ. ಹೇಳಿದಾಂವಗ ಸುಣ್ಣ ಗೊತ್ತಿರಲಿಲ್ಲ. ಈಕಿಗೆ ಗೊತ್ತಿತ್ತು."